ತವರಿಲ್ಲದವರ ಕುಂಚಿಗೆ

ಹನ್ನೊಂದನೆಯ ಕುಂಚಿಗೆಯನ್ನೂ ಅನ್ನವ್ವ ಬಚ್ಚಲ ಒಲೆಗೆ ತುರುಕಿದಳು. ಖಣದ ಬಟ್ಟೆ ಮೊದಲು ಸುರುಟಿಕೊಂಡಿತು. ಅಂಚಿಗೆ ಹಚ್ಚಿದ್ದ ಗೆಜ್ಜೆಗಳು ಒಂದೊಂದಾಗಿ ಬೂದಿಗೆ ಉದುರಿದವು. ಆಮೇಲೆ ಒಳಗಿನ ಅರಿವೆಗೆ ಬೆಂಕಿ ಹತ್ತಿತು. ಆ ಅರಿವೆ ರೋಹಿಣಿಯ ಸತ್ತ ತಾಯಿಯ ಸೀರೆ! ಬಾಗಿಲಲ್ಲಿ ನಿಂತಿದ್ದ ರೋಹಿಣಿಗೆ ಒಳಗೆ ಬರಲೂ ಆಗಲಿಲ್ಲ, ಹಿಂದೆ ಸರಿಯಲೂ ಆಗಲಿಲ್ಲ...

"ಅತ್ತ್ಯಾರ, ಅದರಾಗ ನಮ್ಮವ್ವನ ಸೀರಿ ಐತ್ರಿ. ಅದೊಂದರ ಬಿಡ್ರಿ."

"ನಿಮ್ಮವ್ವನೂ ಹೋದ್ಲು, ಆಕಿ ಸೀರೀನೂ ಹೋತು," ಎಂದಳು ಅನ್ನವ್ವ, ಮಣೆಯಿಂದ ಏಳದೆಯೇ. "ಬಂಜಿ ಕೈಲೆ ಹೊಲದದ್ದು ಯಾವ ಕೂಸಿನ ತಲಿಗೂ ಮುಟ್ಟಬಾರದು. ಕೊಂಡವರು ಸುಮ್ಮನ ವಾಪಸ್ ಕಳಿಸ್ಯಾರೇನು?" ಹಂಡೆಯಲ್ಲಿ ಕೈ ಅದ್ದಿ ನೋಡಿ, ಹಿರಿಯ ಸೊಸೆಯನ್ನು ಕೂಗಿದಳು. "ಮಹಾನಂದಾ, ನೀರು ಚಲೋ ಕಾದಾವ ನೋಡು. ಹುಡುಗೂರಿಗೆ ಎರಿ ಬಾ."

ರೋಹಿಣಿಯ ಗಂಡ ಪ್ರಭು ಅಂಗಳದಲ್ಲಿ ಬೈಕು ಒರೆಸುತ್ತಿದ್ದ. ಹೆಂಡತಿಯ ಮುಖ ಒಮ್ಮೆ ನೋಡಿದ. ಮತ್ತೆ ಬೈಕು ಒರೆಸಿದ. ಇಂಥವನಿಗೆ ಗಂಡ ಅಂತ ಹೆಸರು!

ಕುಂಚಿಗೆ ಅಂದರೇನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು. ಕೂಸಿನ ತಲೆಯ ಮೇಲೆ ಟೊಪ್ಪಿಗೆಯಂತೆ ಕೂತು ಬೆನ್ನಿಗೆ ಇಳಿಬೀಳುವ ಬಟ್ಟೆ ಅದು. ಹೊರಗೆ ಖಣ, ಒಳಗೆ ಅಜ್ಜಿಯ ಹಳೆಯ ಮೆತ್ತನೆ ಸೀರೆ, ಅಂಚಿಗೆ ಗೆಜ್ಜೆ, ಕನ್ನಡಿ ಚೂರು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಾಣಂತಿಯ ತವರಿನವರು ಅದನ್ನು ತಟ್ಟೆಯಲ್ಲಿಟ್ಟುಕೊಂಡು ಬರುತ್ತಾರೆ. ತೊಟ್ಟಿಲು ಬಡವರ ಮನೆಯದಿರಲಿ, ಉಳ್ಳವರ ಮನೆಯದಿರಲಿ, ಕುಂಚಿಗೆ ಮಾತ್ರ ತವರಿನದೇ ಆಗಬೇಕು.

ಶಲವಡಿಯ ಆ ಮನೆಯಲ್ಲಿ ಉಣ್ಣಲಿಕ್ಕೆ, ಉಡಲಿಕ್ಕೆ ಏನೂ ಕಡಿಮೆ ಇರಲಿಲ್ಲ. ಯಜಮಾನ ಮಡಿವಾಳೆಪ್ಪ ತೀರಿಕೊಂಡ ಮೇಲೆ ಮನೆಯ ಕೀಲಿಕೈಗಳೂ ಮನೆಯ ಮಾತೂ ಅನ್ನವ್ವನ ಸೆರಗಿಗೆ ಬಂದಿದ್ದವು. ಹಿರಿಯ ಮಗ ಸಿದ್ಧಾರೂಢ ಹೊಲ ನೋಡುತ್ತಿದ್ದ. ಅವನ ಹೆಂಡತಿ ಮಹಾನಂದಾಳಿಗೆ ಎರಡು ಗಂಡುಮಕ್ಕಳು, ಸಣ್ಣದು ಇನ್ನೂ ಕಂಕುಳಲ್ಲಿತ್ತು. ಕಿರಿಯವನಾದ ಪ್ರಭು ಅಣ್ಣಿಗೇರಿಯಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಯರಗುಪ್ಪಿಯ ರೋಹಿಣಿ ಅವನ ಕೈ ಹಿಡಿದು ಆ ಮನೆಗೆ ಬಂದು ಏಳು ವರ್ಷ. ಎರಡನೆಯ ವರ್ಷಕ್ಕೇ ತಾಯಿ ತೀರಿಹೋದಳು. ಆಮೇಲೆ ಅಣ್ಣನ ಮನೆಯಿಂದ ಹಬ್ಬಕ್ಕೆ ಬಾ ಅಂತ ಒಂದು ಮಾತೂ ಬರಲಿಲ್ಲ. ತಾಯಿಯ ಐದು ಸೀರೆಗಳ ಗಂಟೊಂದೇ ಅವಳ ತವರು. ಮಕ್ಕಳಾಗಲಿಲ್ಲ. ದೋಷವೇನೂ ಇಲ್ಲ, ಕಾಯಿರಿ ಅಂದಿದ್ದರು ಡಾಕ್ಟರು. ಕಾಯುವ ಪೈಕಿ ಹೆಂಗಸೇ ಅನ್ನವ್ವ?

"ಬರೋ ದೀಪಾವಳಿ ತನಕ ನೋಡ್ತೀನಿ," ಎಂದು, ಕುಂಚಿಗೆ ಸುಡುವ ಎಷ್ಟೋ ತಿಂಗಳ ಮುಂಚೆ, ಒಂದು ದಿನ ಊಟಕ್ಕೆ ಕೂತವರೆಲ್ಲರ ಎದುರಿಗೇ ಹೇಳಿಬಿಟ್ಟಳು. "ಆಮ್ಯಾಲೆ ಪ್ರಭೂಗ ಬ್ಯಾರೆ ಹೆಣ್ಣು ತರ್ತೀನಿ. ಈಕಿ ಯರಗುಪ್ಪಿಗರ ಹೋಗ್ಲಿ, ಎಲ್ಲಿಗರ ಹೋಗ್ಲಿ."

ರೋಹಿಣಿಯ ಕೈಯ ರೊಟ್ಟಿ ಹೆಂಚಿನ ಮೇಲೆಯೇ ಸೀದಿತು. ಆ ರಾತ್ರಿ ಗಂಡನನ್ನು ಕೇಳಿದಳು. ಅವನು ಮಗ್ಗುಲು ಬದಲಿಸಿ ಹೇಳಿದ, "ನೀನರ ಏನರ ದುಡದು ತೋರ್ಸು. ಮನಿಗೆ ಬೇಕಾದಾಕಿ ಅಂತ ಆದ್ರ ಅವ್ವನ ಬಾಯಿ ತಾನ ಮುಚ್ಚತೈತಿ."

ಆ ಮನೆಯಲ್ಲಿ ಹೆಂಡತಿಯಾಗಿ ಉಳಿಯುವುದು. ರೋಹಿಣಿಗೆ ಬೇಕಾಗಿದ್ದದ್ದು ಅಷ್ಟೇ. ಬಂಗಾರ ಕೇಳಲಿಲ್ಲ, ಪಾಲು ಕೇಳಲಿಲ್ಲ.

ಹೊಲಿಗೆ ತರಬೇತಿಯಲ್ಲಿ ಜೊತೆಗಿದ್ದ ತಬಸುಮ್ ಅಣ್ಣಿಗೇರಿಯ ಬಸ್‌ಸ್ಟ್ಯಾಂಡಿನ ಬಾಜು ಆನ್‌ಲೈನ್ ಸೆಂಟರ್ ಇಟ್ಟಿದ್ದಳು. ರೋಹಿಣಿ ಅವಳ ಹತ್ತಿರ ಹೋಗಿ, ಫೋನಿನಲ್ಲಿ ಅಂಗಡಿ ಹಾಕಿ ಏನಾದರೂ ಮಾರಬೇಕು, ಏನು ಮಾರಲಿ ಅಂತ ಕೇಳಿದಳು.

"ಅಕ್ಕಾ, ಮೊದಲ ಎದುರಿನವರನ್ನ ನೋಡ್ರಿ," ಎಂದಳು ತಬಸುಮ್. "ಎಷ್ಟು ಮಂದಿ ಮಾರ್ತಾರಂತ ಎಣಿಸಬ್ಯಾಡ್ರಿ. ಹುಡುಕಿದಾಗ ಮೊದಲಿಗೆ ಬರೋ ಹತ್ತು ಅಂಗಡಿ ಎಷ್ಟು ಗಟ್ಟಿ ಅದಾವು ನೋಡ್ರಿ. ಎಷ್ಟು ವರ್ಷದ್ದು, ಕೆಳಗ ಎಷ್ಟು ಮಂದಿ ರಿವ್ಯೂ ಬರದಾರ, ಫೋಟೋ ಹೆಂಗದಾವು, ಯಾರರ ತಕರಾರು ಮಾಡಿದ್ರ ಉತ್ತರಾ ಕೊಡ್ತಾರೋ ಇಲ್ಲೋ. ಎಲ್ಲಾರೂ ಗಟ್ಟಿ ಇದ್ರ ಆ ಕಡೆ ಹೋಗಬ್ಯಾಡ್ರಿ. ಸೊರಗಿದವರು ಇದ್ದಲ್ಲಿ ಕೈ ಹಾಕ್ರಿ."

ರೋಹಿಣಿ ಎರಡು ನೂರು ಪುಟದ ವಹಿ ತಂದಳು. ಕಡಕ್ ರೊಟ್ಟಿಗೆ ಒಂದು ಪುಟ. ಅಲ್ಲಿದ್ದ ಹತ್ತು ಅಂಗಡಿಗಳಲ್ಲಿ ತೀರಾ ಬಡಕಲಾದದ್ದಕ್ಕೇ ನಾಲ್ಕು ಸಾವಿರ ರಿವ್ಯೂ. ಆ ಪುಟಕ್ಕೆ ಅಡ್ಡಗೆರೆ ಎಳೆದು ಕಾಟು ಹೊಡೆದಳು. ಶೇಂಗಾ ಚಟ್ನಿಗೆ ಮಷಿನ್ ಇಟ್ಟ ಹುಬ್ಬಳ್ಳಿಯ ಕುಳಗಳು. ಕಾಟು. ಕಸೂತಿ ಸೀರೆಗೆ ಸಿನಿಮಾದವರಂತಹ ಹುಡುಗಿಯರನ್ನು ನಿಲ್ಲಿಸಿ ತೆಗೆದ ಫೋಟೋ. ಕಾಟು. ಅಡಿಗೆ ಮನೆಯಲ್ಲಿ ಜೋಳ ಹಸನು ಮಾಡುತ್ತಾ ಇದನ್ನೆಲ್ಲಾ ನೆಗೆಣ್ಣಿ ಮಹಾನಂದಾಳಿಗೂ ವಿವರಿಸುತ್ತಿದ್ದಳು. ಅಕ್ಕ ಅಂತ ಕರೆದವಳಲ್ಲವೇ, ಅಕ್ಕನಿಂದ ಮುಚ್ಚಿಡುವುದೇನಿದೆ? ಹುಚ್ಚು ಹುಡುಗಿ!

ಹನ್ನೆರಡನೆಯ ಪುಟಕ್ಕೆ ಕುಂಚಿಗೆ ಬಂತು. ಹುಡುಕಿದರೆ ಮೂರೇ ಮೂರು ಅಂಗಡಿ. ಒಂದರಲ್ಲಿ ಕುಂಚಿಗೆಯ ಹೆಸರಿನಲ್ಲಿ ಉಣ್ಣೆಯ ಟೋಪಿ ಮಾರುತ್ತಿದ್ದರು. ಎರಡನೆಯದರ ಕೆಳಗೆ "ಬಣ್ಣ ಹೋಯಿತು" ಅಂತ ಯಾರೋ ಎರಡು ವರ್ಷದ ಹಿಂದೆ ಬರೆದಿದ್ದರು, ಅದಕ್ಕೆ ಉತ್ತರವಿಲ್ಲ. ಮೂರನೆಯದರ ಫೋಟೋದಲ್ಲಿ ಬಟ್ಟೆ ಯಾವುದು ನೆರಳು ಯಾವುದು ತಿಳಿಯುತ್ತಿರಲಿಲ್ಲ. ರೋಹಿಣಿಗೆ ಎದೆ ಹಿಗ್ಗಿತು. ಮೈದಾನ ಖಾಲಿ ಬಿದ್ದಿದೆ! ಗುಳೇದಗುಡ್ಡದ ಖಣ ತರಿಸಿದಳು, ತಾಯಿಯ ಮೊದಲನೆಯ ಸೀರೆ ಕತ್ತರಿಸಿದಳು, ಆರು ಕುಂಚಿಗೆ ಹೊಲಿದು ಬೆಳಕಿನಲ್ಲಿಟ್ಟು ಫೋಟೋ ತೆಗೆದು ಅಂಗಡಿ ತೆರೆದಳು.

ಎರಡು ತಿಂಗಳು ಒಬ್ಬರೂ ಕೊಳ್ಳಲಿಲ್ಲ.

"ಎಷ್ಟು ಕೂಸುಗೋಳ ತಲಿ ಮುಚ್ಚಿದಿ?" ಅಂತ ಅನ್ನವ್ವ ದಿನಾ ಚಹಾದ ಹೊತ್ತಿಗೆ ಕೇಳುವಳು. ಮಹಾನಂದಾ ಸೆರಗಿನಲ್ಲಿ ನಗುವಳು. ದೀಪಾವಳಿಗೆ ಮೂರು ತಿಂಗಳು ಉಳಿದಿತ್ತು. ರೋಹಿಣಿ ವಹಿ ಹಿಡಿದುಕೊಂಡು ಮತ್ತೆ ಅಣ್ಣಿಗೇರಿಗೆ ಓಡಿದಳು. ಅವಳ ಲೆಕ್ಕ ಎಲ್ಲಿ ತಪ್ಪಿತು ಅಂತ ತಬಸುಮ್‌ಗೂ ತಿಳಿಯಲಿಲ್ಲ. ತಿಳಿಸಿದವಳು ಮೂಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ತಬಸುಮ್‌ಳ ತಾಯಿ ಖಾದರಬಿ.

"ಮಗಳ, ಕುಂಚಿಗಿ ಯಾರವ್ವಾ ರೊಕ್ಕಾ ಕೊಟ್ಟು ತರ್ತಾರ? ತವರಾಗ ಹೊಲೀತಾರ. ನಿಮ್ಮ ಮಂದ್ಯಾಗೂ ಹಂಗ, ನಮ್ಮ ಓಣ್ಯಾಗೂ ಹಂಗ. ನೀ ಫೋನಿನ್ಯಾಗ ಮೂರ ಅಂಗಡಿ ನೋಡಿದಿ. ಮನಿಮನ್ಯಾಗ ಸೂಜಿ ಹಿಡ್ಕೊಂಡು ಕುಂತ ಅವ್ವಗೋಳನ್ನ ನೋಡ್ಲಿಲ್ಲ."

ರೋಹಿಣಿ ಬೆಂಚಿನ ಮೇಲೆ ಕುಸಿದು ಕೂತಳು. ಹೌದು. ಮೂರೇ ಅಂಗಡಿ ಇದ್ದದ್ದು ಎದುರಾಳಿಗಳು ಸೊರಗಿದ್ದಕ್ಕಲ್ಲ. ಊರೂರಿನ ತಾಯಂದಿರೆಲ್ಲ ಎದುರಾಳಿಗಳು, ಅವರ ಹೆಸರು ಯಾವ ಫೋನಿನಲ್ಲೂ ಬರುವುದಿಲ್ಲ! ತಾಯಿಯ ಕುಂಚಿಗೆಯ ಎದುರು ಯಾರ ಅಂಗಡಿ ನಿಂತೀತು? ಇದನ್ನು ತಾನು ಯಾಕೆ ಮರೆತೆ ಅಂತ ಯೋಚಿಸಿದಳು. ಮರೆತದ್ದಲ್ಲ. ತನಗೇ ಕುಂಚಿಗೆ ತರುವ ತಾಯಿ ಇರಲಿಲ್ಲವಲ್ಲ, ಅದಕ್ಕೇ ಅದು ಕೊಳ್ಳುವ ಸಾಮಾನು ಅನ್ನಿಸಿತ್ತು... ಹಾಗೆ ಅನ್ನಿಸುವವಳು ತಾನೊಬ್ಬಳೇನಾ? ಕಣ್ಣೊರೆಸಿಕೊಂಡು, ಅಲ್ಲೇ ಕೂತು ತನ್ನ ಅಂಗಡಿಯ ಪುಟದ ಮಾತು ಬದಲಿಸಿದಳು. "ತವರಿಲ್ಲದ ಬಾಣಂತಿಯರಿಗೆ ನಮ್ಮಲ್ಲಿ ಕುಂಚಿಗೆ ಹೊಲಿದು ಕಳಿಸುತ್ತೇವೆ. ಒಳಗೆ ಒಬ್ಬ ತಾಯಿ ಉಟ್ಟ ಸೀರೆ ಇರುತ್ತದೆ."

ಮೂರನೆಯ ದಿನ ಕಲಘಟಗಿಯಿಂದ ಮೊದಲ ಆರ್ಡರ್ ಬಂತು. ಮನೆಯವರು ಒಲ್ಲೆವೆಂದವನನ್ನು ಮದುವೆಯಾದ ನರ್ಸೊಬ್ಬಳು ಬರೆದಿದ್ದಳು, ನಮ್ಮವ್ವ ಬದುಕಿದ್ದಾಳೆ, ಆದರೆ ನನ್ನ ಪಾಲಿಗೆ ಇಲ್ಲ, ಅಂತ. ಆಮೇಲೆ ಸೊಲ್ಲಾಪುರದಿಂದ ಒಂದು, ಗೋವಾದಲ್ಲಿ ಕೂಲಿಗಿದ್ದವಳಿಂದ ಒಂದು. ದೀಪಾವಳಿ ಬರುವಷ್ಟರಲ್ಲಿ ದಿನಕ್ಕೊಂದು ಪಾರ್ಸಲ್ ಹೋಗುತ್ತಿತ್ತು. ಹೆಂಗಸರು ಫೋನು ಮಾಡಿ ಅಳುತ್ತಿದ್ದರು, ರೋಹಿಣಿಯೂ ಅಳುತ್ತಿದ್ದಳು. ಹಬ್ಬಕ್ಕೆ ಅತ್ತೆಗೆ ಸೀರೆ ತಂದಳು. ಅನ್ನವ್ವ ಮಡಿಕೆ ಬಿಚ್ಚಿ, ಸೆರಗು ಎಳೆದು ನೋಡಿ, "ಇರ್ಲಿ," ಅಂದಳು. ಬೇರೆ ಹೆಣ್ಣಿನ ಮಾತು ಆ ಹಬ್ಬದಲ್ಲಿ ಬರಲಿಲ್ಲ. ಗೆದ್ದೆ ಅಂತ ತಿಳಿದಳು ರೋಹಿಣಿ!

ಪ್ರತಿ ಸೋಮವಾರ ವಹಿ ತೆಗೆದು ಎದುರಿನ ಅಂಗಡಿಗಳನ್ನು ನೋಡುವ ರೂಢಿ ಬಿಟ್ಟಿರಲಿಲ್ಲ. ಒಂದು ಸೋಮವಾರ ನಾಲ್ಕನೆಯದು ಕಾಣಿಸಿತು. ಹೊಸದು, ಒಂದೂ ರಿವ್ಯೂ ಇಲ್ಲ. ಬಲ ಇಲ್ಲ ಅಂತ ಬರೆಯಬೇಕೆನ್ನುವಾಗ ಫೋಟೋ ದೊಡ್ಡದು ಮಾಡಿದಳು. ಅದರಲ್ಲಿದ್ದ ನೀಲಿ ಗೋಡೆ ಅವಳು ದಿನಾ ಕಸ ಹೊಡೆಯುವ ಪಡಸಾಲೆಯದು. ಕೂಸು ಮಹಾನಂದಾಳ ಸಣ್ಣ ಮಗ. ತಲೆಯ ಮೇಲಿದ್ದದ್ದು ರೋಹಿಣಿಯೇ ಪ್ರೀತಿಯಿಂದ ಹೊಲಿದುಕೊಟ್ಟ ಕುಂಚಿಗೆ. ಕೆಳಗೆ ಬರೆದಿತ್ತು: "ಎರಡು ಗಂಡುಮಕ್ಕಳ ತಾಯಿ ಹೊಲಿದದ್ದು. ಕೊಳ್ಳುವ ಮುಂಚೆ, ಹೊಲಿದವರಿಗೆ ಮಕ್ಕಳುಂಟೋ ಇಲ್ಲವೋ ಕೇಳಿರಿ."

ಮಹಾನಂದಾ ಪಡಸಾಲೆಯಲ್ಲಿ ಮಗನಿಗೆ ಅನ್ನ ಉಣಿಸುತ್ತಿದ್ದಳು.

"ಅಕ್ಕಾ, ಇದು ನಿಮ್ಮ ಅಂಗಡಿ ಏನ್ರಿ?"

"ಹೂಂ, ನಂದ," ಎಂದಳು, ತುತ್ತು ಕಲಸುತ್ತಾ. "ಎದುರಿನವರು ಎಲ್ಲಿ ಸೊರಗ್ಯಾರ ನೋಡಿ ಅಲ್ಲಿ ಕೈ ಹಾಕ್ಬೇಕಂತ ನೀನ ಹೇಳಿದ್ದೀ ಅಲ್ಲಾ? ನಿನ್ನ ಅಂಗಡಿ ನೋಡ್ದೆ. ಫೋಟೋ ಚಲೋ ಅದಾವು, ಹೊಲಿಗಿ ಚಲೋ ಐತಿ, ಮಾತೂ ಅಗದಿ ಚಲೋ ಬರದಿ. ಒಂದ ಕಡೆ ಬಲಾ ಇರ್ಲಿಲ್ಲ. ಅಲ್ಲೇ ಕೈ ಹಾಕೀನಿ."

ಯಾವ ಶತ್ರು ಹೀಗೆ ಅಳೆದು ಹೊಡೆದಾನು? ಅಷ್ಟಕ್ಕೇ ಮುಗಿಯಲಿಲ್ಲ. ರೋಹಿಣಿ ಹಿತ್ತಲಿನಲ್ಲಿದ್ದಾಗ ಗಿರಾಕಿಯೊಬ್ಬಳ ಫೋನು ಬಂತು. ಎತ್ತಿದವಳು ಅನ್ನವ್ವ. "ಬಂಜಿ ಹೊಲದದ್ದು ಐತವ್ವಾ. ನಿನ್ನ ಕೂಸು, ನಿನ್ನ ಮರ್ಜಿ," ಅಂತ ಹೇಳಿ ಇಟ್ಟಳು. ಮರುದಿನ ರೋಹಿಣಿಯ ಅಂಗಡಿಯ ಕೆಳಗೆ ಒಂದೇ ಸ್ಟಾರು ಕೊಟ್ಟು ಆ ಗಿರಾಕಿ ಅದನ್ನೇ ಬರೆದಳು. ಕೇಳಿದ ಪ್ರತಿಯೊಬ್ಬರಿಗೂ ರೋಹಿಣಿ ಸುಳ್ಳು ಹೇಳದೆ, ಇಲ್ರಿ, ನನಗ ಮಕ್ಕಳಿಲ್ಲ, ಅಂದಳು. ಒಂದೇ ವಾರದಲ್ಲಿ ಹನ್ನೊಂದು ಪಾರ್ಸಲ್ ವಾಪಸು ಬಂದವು. ಅವು ಎಲ್ಲಿ ಹೋದವೆಂಬುದನ್ನು ಮೊದಲೇ ಹೇಳಿದ್ದೇನೆ.

ಉಳಿದಿದ್ದ ಸೀರೆಗಳ ಗಂಟನ್ನೂ ಅನ್ನವ್ವ ಅದೇ ಒಲೆಗೆ ಹಾಕಿದಳು.

ಇನ್ನು ಮಹಾನಂದಾಳ ಅಂಗಡಿಗೆ ಆರ್ಡರ್ ಬರತೊಡಗಿದವು. ಆದರೆ ಅವಳಿಗೆ ನೆಟ್ಟಗೆ ಒಂದು ಗುಂಡಿ ಹಚ್ಚಲಿಕ್ಕೂ ಬರುತ್ತಿರಲಿಲ್ಲ! ಆಗ ಅತ್ತೆ ರೋಹಿಣಿಯನ್ನು ಕರೆದು ಕೂಡಿಸಿಕೊಂಡಳು. "ನೀ ಹೊಲಿ. ಹೆಸರು ಮಹಾನಂದಾಳದು ಇರ್ಲಿ. ಪ್ರಭೂನ ಎರಡನೇ ಲಗ್ನದ ಮಾತ ನಾ ಎತ್ತಂಗಿಲ್ಲ."

"ಆಣಿ ಮಾಡ್ರಿ, ಅತ್ತ್ಯಾರ."

ಅನ್ನವ್ವ ಕೊರಳ ಲಿಂಗ ಮುಟ್ಟಿ ಆಣೆ ಮಾಡಿದಳು. ಹೆಸರು ಬದಲಾದ ಮೇಲೆ ಬಂಜೆಯ ಕೈ ಯಾರ ಕೂಸಿಗೂ ತಾಗಲಿಲ್ಲ, ನೋಡಿರಿ! ಎಂಟು ತಿಂಗಳು ರೋಹಿಣಿ ತಲೆ ಎತ್ತದೆ ಹೊಲಿದಳು. ಬೆರಳ ತುದಿಗಳು ಜಡ್ಡುಗಟ್ಟಿದವು. ಹೊಗಳಿಕೆ ಮಹಾನಂದಾಳ ಹೆಸರಿಗೆ ಬಂತು, ದುಡ್ಡು ಅನ್ನವ್ವನ ಸೆರಗಿಗೆ ಹೋಯಿತು. ಹೋಗಲಿ ಅಂದುಕೊಂಡಳು. ಗಂಡ ಉಳಿದನಲ್ಲ, ಮನೆ ಉಳಿಯಿತಲ್ಲ...

ಒಂದು ಸೋಮವಾರ ಅತ್ತೆ ಎಂದಿಲ್ಲದ ಅಕ್ಕರೆಯಿಂದ, "ಅಣ್ಣಿಗೇರಿಗೆ ಹೋಗಿ ಪಾರ್ಸಲ್ ಕೊಟ್ಟು, ನಿನ್ನ ಗೆಳತಿ ಮನ್ಯಾಗ ಉಂಡು ಸಾವಕಾಶ ಬಾ," ಎಂದು ಕಳಿಸಿದಳು. ಸಂಜೆ ತಿರುಗಿ ಬಂದರೆ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಪಡಸಾಲೆಯಲ್ಲಿ ಹಸಿರು ಬಳೆ ತುಂಬಿಕೊಂಡ ಹುಡುಗಿಯೊಬ್ಬಳು ಕೂತಿದ್ದಳು. ಮೊದಲ ಹೆಂಡತಿ ಇರುವಾಗ ಕಾನೂನು ಇದನ್ನು ಒಪ್ಪುವುದಿಲ್ಲ ಅಂತ ಆ ಮನೆಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಗುಡಿಯಲ್ಲಿ ತಾಳಿ ಕಟ್ಟಿಸಿದರು, ಕಾಗದ ಮಾಡಿಸಲಿಲ್ಲ, ಅಷ್ಟೇ.

"ಲಿಂಗ ಮುಟ್ಟಿ ಆಣಿ ಮಾಡಿದ್ರಿ," ಎಂದಳು ರೋಹಿಣಿ.

"ಮಾತ ಎತ್ತಂಗಿಲ್ಲ ಅಂತ ಮಾಡಿದ್ದೆ. ಎತ್ತಲಿಲ್ಲ. ಮಾಡಿ ಮುಗಿಸ್ದೆ," ಎಂದಳು ಅನ್ನವ್ವ.

ಪ್ರಭು ಕಂಬಕ್ಕೆ ಆತು ನಿಂತಿದ್ದ. "ನೀನೂ ಇರು, ಆಕೀನೂ ಇರ್ಲಿ," ಎಂದ. "ನಿನ್ನ ಮಿಷನ್ ಹಿಂದಿನ ಖೋಲ್ಯಾಗ ಇಡಿಸೀನಿ. ಬೆಳಕೂ ಚಲೋ ಬರ್ತೈತಿ ಅಲ್ಲಿ."

ರೋಹಿಣಿ ಆ ಹುಡುಗಿಯನ್ನು ನೋಡಿದಳು. ತನ್ನ ಬದುಕಿಗೇ ಎದುರಾಳಿಯಾಗಿ ಬಂದವಳು, ಎಷ್ಟು ಗಟ್ಟಿ ಅಂತ ನೋಡಿದಳು. ವಯಸ್ಸು ಹತ್ತೊಂಬತ್ತು ಇದ್ದೀತು. ಹೆಸರು ಮಲ್ಲಮ್ಮ. ತಿರ್ಲಾಪುರದವಳು, ತಂದೆ-ತಾಯಿ ಇಲ್ಲ, ಸೋದರಮಾವ ಸಾಕಿ ಕೈ ತೊಳೆದುಕೊಂಡಿದ್ದ. ಹುಡುಗಿ ಎದ್ದು ನಿಂತು ಮೆಲ್ಲಗೆ ಕೇಳಿದಳು, "ಅಕ್ಕಾ, ನೀವು ಈ ಮನ್ಯಾಗ ಯಾರ್ರಿ?"

ಯಾರೂ ಅವಳಿಗೆ ಹೇಳಿರಲಿಲ್ಲ! ರೋಹಿಣಿ ಹೇಳಬೇಕಾಯಿತು. ಕೇಳಿ ಆ ಹುಡುಗಿ ನೆಲಕ್ಕೆ ಕೂತು, "ನನಗ ಗೊತ್ತಿರಲಿಲ್ರಿ... ನಮ್ಮವ್ವನ ಆಣಿ, ಗೊತ್ತಿರಲಿಲ್ರಿ," ಎಂದು ಬಿಕ್ಕಿಬಿಕ್ಕಿ ಅತ್ತಳು. ಇಂಥವಳ ಜೊತೆ ಎಂಥ ಪೈಪೋಟಿ? ಅವಳ ಕೈಯಲ್ಲಿ ರೋಹಿಣಿಯ ಕೈಯಲ್ಲಿದ್ದಷ್ಟೂ ಇರಲಿಲ್ಲ.

ಹೋಗಲು ಬೇರೆ ಜಾಗವಿಲ್ಲದೆ ರೋಹಿಣಿ ಹಿಂದಿನ ಖೋಲಿಯಲ್ಲಿ ಹೊಲಿಯುತ್ತಾ ಉಳಿದಳು. ವರ್ಷ ತುಂಬುವುದರೊಳಗೆ ಮಲ್ಲಮ್ಮನಿಗೆ ಗಂಡು ಹುಟ್ಟಿತು. ಹೆರಿಗೆ ನೋವಿನಲ್ಲಿ ಅವಳು ಹಿಡಿದುಕೊಂಡದ್ದು ರೋಹಿಣಿಯ ಕೈ. ಬಾಣಂತನ ಮಾಡಿದ್ದೂ ರೋಹಿಣಿ. ಅನ್ನವ್ವ ಬೀಗರು-ಬಿಜ್ಜರನ್ನೆಲ್ಲ ತೊಟ್ಟಿಲಿಗೆ ಕರೆದಳು. ಆಮೇಲೆ ತಿರ್ಲಾಪುರದಿಂದ ಸೋದರಮಾವನ ಮಾತು ಬಂತು: ಲಗ್ನ ಮಾಡಿ ಕೊಟ್ಟೀವಿ, ಇನ್ನ ನಮ್ಮನ್ನ ಕರೀಬ್ಯಾಡ್ರಿ. ಕುಂಚಿಗೆ ತರುವವರಿಲ್ಲ! ಮೊಮ್ಮಗನ ತೊಟ್ಟಿಲಿಗೆ ತವರಿನವರು ಬರಲಿಲ್ಲ ಅಂತ ಊರು ನಕ್ಕರೆ? ಅನ್ನವ್ವನಿಗೆ ನಿದ್ದೆ ಹಾರಿತು.

"ರೋಹಿಣಕ್ಕ ತಂದ್ರ ತೊಟ್ಟಲಕ್ಕ ಹಾಕ್ತೀನಿ," ಎಂದಳು ಮಲ್ಲಮ್ಮ. ಆ ಮನೆಗೆ ಬಂದಮೇಲೆ ಅವಳು ಆಡಿದ ಮೊದಲ ಗಟ್ಟಿ ಮಾತು ಅದು. "ಇಲ್ಲಂದ್ರ ಕೂಸು ನನ್ನ ತೊಡಿ ಮ್ಯಾಲೇ ಇರ್ಲಿ."

ಅನ್ನವ್ವ ಎರಡು ದಿನ ಹಲ್ಲು ಕಡಿದಳು. ಮೂರನೆಯ ದಿನ ಹಿಂದಿನ ಖೋಲಿಗೆ ಬಂದು, ರೋಹಿಣಿಯ ಮುಖ ನೋಡದೆ ಹೇಳಿದಳು, "ಒಂದು ಹೊಲಿ. ಒಳಗಿಂದ ಒಳಗ ಕೊಡಬ್ಯಾಡ, ಮಂದಿ ನೋಡ್ತಾರ. ತಲಬಾಗಿಲಿಂದ ತಟ್ಟಿ ಹಿಡ್ಕೊಂಡು ಬಾ, ಆಕಿ ತವರಿನವರಂಗ."

ಓದುವವರೇ, ಕೇಳಿದಿರಾ? ಹೆಂಡತಿಯಾಗಿ ಉಳಿಯಬೇಕೆಂದು ಬೆರಳು ಸವೆಸಿದವಳು, ಸವತಿಯ ತಾಯಿಯಾಗಿ ಅದೇ ಮನೆಯ ಹೊರಗೆ ನಿಲ್ಲಬೇಕು! ರೋಹಿಣಿ ಕೈಯಲ್ಲಿದ್ದ ಹೊಲಿಗೆ ಮುಗಿಸಿ ದಾರ ಕಡಿದಳು. ಆಮೇಲೆ, "ತವರಿನವರಂಗ ಅಂದ್ರ ತವರಿನವರಂಗ ಬರ್ತೀನ್ರಿ," ಎಂದಳು.

ಕುಂಚಿಗೆಯ ಒಳಗೆ ಕೊಡಲು ತಾಯಿಯ ಸೀರೆ ಒಂದು ಚೂರೂ ಉಳಿದಿರಲಿಲ್ಲ. ಟ್ರಂಕು ತೆಗೆದು, ಮದುವೆಯ ದಿನ ಆ ಮನೆಯವರು ಉಡಿಸಿದ್ದ ಇಳಕಲ್ ಸೀರೆ ಹೊರಗೆ ತೆಗೆದಳು. ಒಮ್ಮೆ ಮುಖಕ್ಕೆ ಒತ್ತಿಕೊಂಡಳು... ಕತ್ತರಿ ಹಾಕಿದಳು.

ತೊಟ್ಟಿಲಿನ ದಿನ ಮನೆ ತುಂಬ ಮಂದಿ. ರೋಹಿಣಿ ಬೆಳಗ್ಗೆಯೇ ಅಣ್ಣಿಗೇರಿಗೆ ಹೋಗಿ, ಬಾಡಿಗೆಯ ಟಂಟಂ ಗಾಡಿಯಲ್ಲಿ ತಬಸುಮ್ ಮತ್ತು ಖಾದರಬಿಯ ಜೊತೆ ಬಂದಿಳಿದಳು. ತವರಿನವರು ಬರಿಗೈಲಿ ಬರುತ್ತಾರೆಯೇ? ಕುಂಚಿಗೆ, ಗುಗ್ಗರಿ, ಬಾಣಂತಿಗೆ ಸೀರೆ, ಕೂಸಿಗೆ ಬೆಳ್ಳಿಯ ಉಡಿದಾರ, ತಬಸುಮ್‌ಳ ಹತ್ತಿರ ಸಾಲ ಮಾಡಿ ಎಲ್ಲ ತಂದಿದ್ದಳು. ಹೊಸ್ತಿಲ ಹೊರಗೆ ನಿಂತ ಅವಳ ಕಾಲಿಗೆ ನೀರು ಹಾಕಬೇಕಾದವಳು ಮಹಾನಂದಾ. ತಲೆ ತಗ್ಗಿಸಿ ತಂಬಿಗೆಯ ನೀರು ಹಾಕಿದಳು. ರೋಹಿಣಿ ಕೂಸಿಗೆ ಕುಂಚಿಗೆ ಕಟ್ಟಿದಳು, ಪದ್ಧತಿಯಂತೆ ತೊಟ್ಟಿಲ ಕೆಳಗಿಂದ ಮೇಲೆ ಬಳಗದವರ ಕೈಗೆ ದಾಟಿಸಿ ಒಳಗೆ ಮಲಗಿಸಿದಳು. ಮಲ್ಲಮ್ಮ ಕಾಲು ಹಿಡಿದುಕೊಂಡು, "ಯವ್ವಾ," ಎಂದಳು. ಬೀಗರೆಲ್ಲ ಕಣ್ಣು ಒರೆಸಿಕೊಂಡರು. ಅನ್ನವ್ವನ ಮಾನ ಉಳಿಯಿತು.

ಊಟವಾಯಿತು. ಎಲೆ-ಅಡಿಕೆ ಹಾಕಿಕೊಂಡು ರೋಹಿಣಿ ಎದ್ದಳು. ಹಿಂದಿನ ಖೋಲಿಯ ಕಡೆ ನಡೆಯಲಿಲ್ಲ, ತಲೆಬಾಗಿಲ ಕಡೆ ನಡೆದಳು.

"ಎಲ್ಲಿಗೆ ಹೊಂಟಿ?" ಎಂದಳು ಅನ್ನವ್ವ, ಹತ್ತಿರ ಬಂದು, ದನಿ ತಗ್ಗಿಸಿ. "ಎಂಟು ಆರ್ಡರ್ ಹಂಗ ಬಿದ್ದಾವು. ನಾಳೆ ಕಳಸ್ಬೇಕು."

ರೋಹಿಣಿ ದನಿ ತಗ್ಗಿಸಲಿಲ್ಲ. "ತವರಿನವರು ಉಂಡು ಹೋಗ್ತಾರ್ರಿ, ಬೀಗತ್ಯಾರ. ಮಗಳ ಮನ್ಯಾಗ ಉಳಿಯಂಗಿಲ್ಲ."

ಬೀಗತ್ಯಾರ! ಒಂಬತ್ತು ವರ್ಷ ಅತ್ತ್ಯಾರ ಅಂದ ಬಾಯಿ. ಪಡಸಾಲೆ ತುಂಬ ಕೂತವರ ಎದುರಿಗೆ ಅನ್ನವ್ವ ಏನು ಹೇಳಿಯಾಳು? ಈಕೆ ಸೊಸೆ ಅಂತ ಊರಿಗೆ ಗೊತ್ತು, ಆದರೆ ತವರಿನವಳಲ್ಲ ಅಂತ ತಾನೇ ಬಾಯಿಬಿಟ್ಟರೆ ಈಗಷ್ಟೇ ಉಳಿದ ಮಾನ ಹೋಗುತ್ತದೆ. ಸುಮ್ಮನೆ ಅರಿಶಿನ-ಕುಂಕುಮ ಕೊಟ್ಟಳು. ಮಹಾನಂದಾ ಹಿಂದಿನ ಖೋಲಿಯ ಕಡೆ ನೋಡಿದಳು. ನಾಳೆಯಿಂದ ಹೊಲಿಯುವವರು ಯಾರು?

ಗಾಡಿಯ ಹತ್ತಿರ ಪ್ರಭು ಓಡಿ ಬಂದ. "ರೋಹಿಣಿ, ಇದೆಲ್ಲಾ ಮಂದಿ ಮುಂದ ಆಡೂ ಆಟಲಾ? ಖರೇನ ಹೊಂಟೀ ಏನು?"

ರೋಹಿಣಿ ಸೆರಗು ತಲೆಯ ಮೇಲೆ ಎಳೆದುಕೊಂಡಳು, ಅಳಿಯನ ಎದುರು ಅತ್ತೆಯಾದವಳು ಎಳೆದುಕೊಳ್ಳುವ ಹಾಗೆ.

"ಹೌದ್ರಿ, ಅಳಿಯಂದ್ರ. ನಮ್ಮ ಹುಡುಗಿಗೆ ಯಾರೂ ಇಲ್ಲ ಅಂತ ತಿಳೀಬ್ಯಾಡ್ರಿ. ಅಣ್ಣಿಗೇರ್ಯಾಗ ನಾ ಇರ್ತೀನಿ. ಆಕೀನ ಚಲೋ ನೋಡ್ಕೋರಿ."

ಗಾಡಿ ಹೊರಟಿತು. ಖಾದರಬಿ ಅವಳ ಭುಜ ಹಿಡಿದು ಕೂತಳು. ಬಾಗಿಲಲ್ಲಿ ಮಲ್ಲಮ್ಮ ಕೂಸನ್ನು ಎದೆಗೊತ್ತಿಕೊಂಡು, ತವರಿನವರನ್ನು ಕಳಿಸಿಕೊಡುವ ಹೆಣ್ಣುಮಗಳು ಅಳುವ ಹಾಗೆ ಗಟ್ಟಿಯಾಗಿ ಅಳುತ್ತಿದ್ದಳು. ಅವಳನ್ನು ಒಳಗೆ ಬಾ ಅಂತ ಯಾರೂ ಕರೆಯಲಿಲ್ಲ.